ಜಪಾನಿನಲ್ಲಿ ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಅಭಿವೃದ್ಧಿ ಡಾಕ್ಟರೇಟ್

ಬಡತನ, ಶಿಕ್ಷಣ, ಆರೋಗ್ಯ, ಕೃಷಿ, ವಲಸೆ, ಸ್ಥಳೀಯ ಆಡಳಿತ, ವಿದೇಶಿ ನೆರವು ಇವನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೇ ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಅಂತರರಾಷ್ಟ್ರೀಯ ಅಭಿವೃದ್ಧಿ ಅಧ್ಯಯನವೆಂದು ಹೆಸರು. ಎರಡನೇ ಮಹಾಯುದ್ಧ ಮುಗಿದು ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಕಾಲದಲ್ಲಿ ಯುರೋಪಿನಲ್ಲಿ ಇದು ಬೇರುಬಿಟ್ಟಿತು. ನೆದರ್ಲೆಂಡ್ಸ್‌ನ ಹೇಗ್ ನಗರದ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸ್ಟಡೀಸ್ 1952ರಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನ ಅಭಿವೃದ್ಧಿ ಅಧ್ಯಯನ ಸಂಸ್ಥೆ 1966ರಲ್ಲಿ ಆರಂಭವಾದವು. ಜಪಾನ್ ಈ ಸಾಲಿಗೆ ಸೇರಿದ್ದು ಬಹಳ ತಡವಾಗಿ, 1990ರ ದಶಕದಲ್ಲಿ. ಆದರೆ ಇಂಗ್ಲಿಷ್ ಜನಭಾಷೆಯಲ್ಲದ ದೇಶದಲ್ಲಿ ಪ್ರವೇಶದಿಂದ ಮಹಾಪ್ರಬಂಧದವರೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಮುಗಿಸಲು ಏಷ್ಯಾದಲ್ಲಿ ಇರುವ ಹಳೆಯ, ನೆಲೆಯೂರಿದ ವ್ಯವಸ್ಥೆಗಳಲ್ಲಿ ಜಪಾನಿನದೂ ಒಂದು. ಏಷ್ಯಾ ಮತ್ತು ಆಫ್ರಿಕಾದ ಸರ್ಕಾರಿ ಅಧಿಕಾರಿಗಳು, ಕಾಲೇಜು ಅಧ್ಯಾಪಕರು, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿದವರು ಇದನ್ನು ಹೆಚ್ಚಾಗಿ ಬಳಸಿಕೊಂಡಿದ್ದಾರೆ.

ಹಿನ್ನೆಲೆ

ಜಪಾನಿನಲ್ಲಿ ಈ ಅಧ್ಯಯನದ ವಿಭಾಗಗಳು ಹುಟ್ಟಿದ್ದು ಜ್ಞಾನದಾಹಕ್ಕಿಂತ ಹೆಚ್ಚಾಗಿ ಹಣದ ಒತ್ತಡದಿಂದ. ಯುದ್ಧದಲ್ಲಿ ಸೋತ ಜಪಾನ್ ಮೊದಲು ಕೈಚಾಚಿದ ದೇಶ. 1953ರಿಂದ 1966ರವರೆಗೆ ಅದು ವಿಶ್ವಬ್ಯಾಂಕಿನಿಂದ ಸಾಲ ಎತ್ತಿತು. 1964ರಲ್ಲಿ ಟೋಕಿಯೊ-ಒಸಾಕಾ ನಡುವೆ ಆರಂಭವಾದ ಮೊದಲ ಷಿಂಕಾನ್ಸೆನ್ ರೈಲುಮಾರ್ಗಕ್ಕೂ 8 ಕೋಟಿ ಡಾಲರ್ ವಿಶ್ವಬ್ಯಾಂಕಿನ ಸಾಲವಿತ್ತು. ಆ ಎಲ್ಲ ಸಾಲಗಳ ಕೊನೆಯ ಕಂತು ತೀರಿದ್ದು 1990ರಲ್ಲಿ. ಹೀಗೆ ಸಾಲ ತೀರಿಸುತ್ತಿರುವಾಗಲೇ ಸಾಲ ಕೊಡುವುದನ್ನೂ ಅದು ಶುರುಮಾಡಿತ್ತು. 1954ರಲ್ಲಿ ಹಲವು ದೇಶಗಳ ನೆರವಿನ ಒಕ್ಕೂಟವಾದ ಕೊಲಂಬೊ ಯೋಜನೆಗೆ ಸೇರಿದ ಜಪಾನ್, 1958ರಲ್ಲಿ ತನ್ನ ಮೊತ್ತಮೊದಲ ಯೆನ್ ಸಾಲವನ್ನು ಕೊಟ್ಟದ್ದು ಭಾರತಕ್ಕೆ. 1985ರ ನಂತರ ಡಾಲರಿನ ಎದುರು ಯೆನ್ ಬೆಲೆ ಒಮ್ಮೆಲೇ ಏರಿತು, ನೆರವಿನ ಮೊತ್ತವೂ ಡಾಲರ್ ಲೆಕ್ಕದಲ್ಲಿ ಉಬ್ಬಿತು. 1989ರಲ್ಲಿ ಅಮೆರಿಕವನ್ನು ಹಿಂದಿಕ್ಕಿದ ಜಪಾನ್ 1990ರ ದಶಕದ ಬಹುಪಾಲು ಕಾಲ ಜಗತ್ತಿನ ಅತಿ ದೊಡ್ಡ ನೆರವುದಾತ ದೇಶವಾಗಿತ್ತು.

ಹಣವೇನೋ ಇತ್ತು. ಅದನ್ನು ಎಲ್ಲಿ, ಹೇಗೆ, ಯಾರೊಡನೆ ಖರ್ಚು ಮಾಡಬೇಕೆಂದು ತಿಳಿದವರು ಸಾಕಷ್ಟಿರಲಿಲ್ಲ. ರಸ್ತೆ, ಬಂದರು, ವಿದ್ಯುತ್ ಸ್ಥಾವರ ಕಟ್ಟಬಲ್ಲ ಎಂಜಿನಿಯರುಗಳು ಬೇಕಾದಷ್ಟಿದ್ದರು, ಹಳ್ಳಿಯ ಶಾಲೆಯಿಂದ ಹೆಣ್ಣುಮಕ್ಕಳು ಏಕೆ ಹೊರಬೀಳುತ್ತಾರೆಂದು ವಿಚಾರಿಸಬಲ್ಲವರು ಕಡಿಮೆ. ಜಪಾನಿನ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ 1990ರಲ್ಲಿ ಸ್ಥಾಪನೆಯಾಯಿತು. ಅದರ ಹಿಂದೆಯೇ 1991ರಲ್ಲಿ ನಗೋಯ, 1992ರಲ್ಲಿ ಕೋಬೆ, 1994ರಲ್ಲಿ ಹಿರೋಷಿಮಾ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಅಥವಾ ಸಹಕಾರಕ್ಕೆಂದೇ ಸ್ನಾತಕೋತ್ತರ ಶಾಲೆಗಳು ತೆರೆದವು. ನಾಲ್ಕು ವರ್ಷಗಳೊಳಗೆ ಮೂರು ಶಾಲೆಗಳು ತಲೆಯೆತ್ತಿದ್ದಕ್ಕೆ ಕಾರಣ ಈ ನೆರವಿನ ಭರಾಟೆ. ನೆರವಿನ ಅಂಗವಾಗಿ ಹುಟ್ಟಿದ್ದರಿಂದ ಇಲ್ಲಿನ ಸಂಶೋಧನೆಯಲ್ಲಿ ಯೋಜನೆಗಳ ಮೌಲ್ಯಮಾಪನ, ಶಾಲಾ ಶಿಕ್ಷಣ, ಕೈಗಾರಿಕಾ ನೀತಿಗಳ ಕಡೆಗೆ ಒಲವು ಜಾಸ್ತಿ. ಅಭಿವೃದ್ಧಿ ಎಂಬ ಕಲ್ಪನೆಯನ್ನೇ ಪ್ರಶ್ನಿಸುವ ಬಗೆಯ ಬರಹ ಯುರೋಪಿನಲ್ಲಿ ಕಾಣುವಷ್ಟು ಇಲ್ಲಿ ಕಾಣುವುದಿಲ್ಲ. ಅದೇ ಬೇಕೆನ್ನುವವರು ಹೇಗ್ ಅಥವಾ ಸಸೆಕ್ಸ್ ಕಡೆ ನೋಡುವುದು ಲೇಸು.

ವಿದೇಶಿ ವಿದ್ಯಾರ್ಥಿಗಳನ್ನು ಕರೆತರುವ ನೀತಿ ಇದಕ್ಕೆ ಜೊತೆಯಾಯಿತು. 1983ರಲ್ಲಿ ಪ್ರಧಾನಿ ನಕಸೋನೆ ಅವರ ಸರ್ಕಾರ ಒಂದು ಲಕ್ಷ ವಿದೇಶಿ ವಿದ್ಯಾರ್ಥಿಗಳ ಗುರಿ ಇಟ್ಟಿತು, 2003ರಲ್ಲಿ ಅದು ಈಡೇರಿತು. 2008ರಲ್ಲಿ ಗುರಿ ಮೂರು ಲಕ್ಷಕ್ಕೆ ಏರಿತು. ಅದಕ್ಕಾಗಿ 2009ರಲ್ಲಿ 13 ವಿಶ್ವವಿದ್ಯಾಲಯಗಳನ್ನು ಆರಿಸಿ, ಇಂಗ್ಲಿಷಿನಲ್ಲೇ ಪದವಿ ಪಡೆಯುವ ಕೋರ್ಸುಗಳನ್ನು ತೆರೆಯಲು ಹಣ ಕೊಡಲಾಯಿತು, ನಗೋಯವೂ ಆ ಪಟ್ಟಿಯಲ್ಲಿತ್ತು. ಈಗಿನ ಗುರಿ 2033ರ ಹೊತ್ತಿಗೆ ನಾಲ್ಕು ಲಕ್ಷ. ಇಷ್ಟು ಜನರಲ್ಲಿ ಭಾರತೀಯರ ಪಾಲು ಅಲ್ಪ. 2024ರ ಲೆಕ್ಕದಂತೆ ಒಟ್ಟು 3.3 ಲಕ್ಷಕ್ಕೂ ಮಿಕ್ಕಿ ವಿದೇಶಿ ವಿದ್ಯಾರ್ಥಿಗಳಿದ್ದರೆ ಭಾರತದವರು ಎರಡು ಸಾವಿರದೊಳಗೆ. ನೆರೆಯ ನೇಪಾಳದವರೇ ನಮಗಿಂತ ಎಷ್ಟೋ ಪಟ್ಟು ಹೆಚ್ಚು.

ಸಂಸ್ಥೆಗಳು

ನಗೋಯ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಭಿವೃದ್ಧಿ ಶಾಲೆ ಈ ಕ್ಷೇತ್ರದಲ್ಲಿ ಹಿರಿಯದು. ವಿದ್ಯಾರ್ಥಿಗಳನ್ನು ಗುಂಪಾಗಿ ಆಗ್ನೇಯ ಏಷ್ಯಾದ ಹಳ್ಳಿಗಳಿಗೂ ಜಪಾನಿನದೇ ಗ್ರಾಮಾಂತರಕ್ಕೂ ಕರೆದೊಯ್ದು ಕ್ಷೇತ್ರಕಾರ್ಯ ಕಲಿಸುವ ಪದ್ಧತಿಗೆ ಅದು ಹೆಸರಾಗಿದೆ. ಇದೇ ನಗರದಲ್ಲಿ 1971ರಿಂದ ವಿಶ್ವಸಂಸ್ಥೆಯ ಪ್ರಾದೇಶಿಕ ಅಭಿವೃದ್ಧಿ ಕೇಂದ್ರವೂ ಇದೆ. ಹಿರೋಷಿಮಾದ ಶಾಲೆಯ ಅಭಿವೃದ್ಧಿ ಕೋರ್ಸುಗಳು 2020ರ ಪುನರ್ರಚನೆಯಲ್ಲಿ ಮಾನವಿಕ ಮತ್ತು ಸಮಾಜವಿಜ್ಞಾನಗಳ ದೊಡ್ಡ ಶಾಲೆಯೊಂದಿಗೆ ಕೂಡಿಕೊಂಡವು. ಟೋಕಿಯೊದ ರೊಪ್ಪೊಂಗಿಯಲ್ಲಿರುವ ರಾಷ್ಟ್ರೀಯ ನೀತಿ ಅಧ್ಯಯನ ಸಂಸ್ಥೆ 1997ರದು. ಅಲ್ಲಿ ಅರ್ಥಶಾಸ್ತ್ರದ ಪಟ್ಟು ಬಿಗಿ, ವಿದೇಶಿ ಸರ್ಕಾರಗಳ ಅಧಿಕಾರಿಗಳೇ ವಿದ್ಯಾರ್ಥಿಗಳಲ್ಲಿ ಬಹಳ. ಖಾಸಗಿಯವುಗಳಲ್ಲಿ ಟೋಕಿಯೊದ ವಸೇಡ, ಬೆಪ್ಪುವಿನ ರಿತ್ಸುಮೈಕಾನ್ ಏಷ್ಯಾ ಪೆಸಿಫಿಕ್, ನಿಗಾತ ಪ್ರಾಂತದ ಹಿಮದ ನಾಡಿನಲ್ಲಿ 1982ರಲ್ಲಿ ಸ್ಥಾಪನೆಯಾಗಿ ಇಂಗ್ಲಿಷಿನಲ್ಲೇ ಪಾಠ ಮಾಡುತ್ತ ಬಂದಿರುವ ಜಪಾನ್ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಮುಖ್ಯವಾದವು.

ಪ್ರವೇಶ

ಜಪಾನಿನಲ್ಲಿ ಸ್ನಾತಕೋತ್ತರ ಪದವಿಯನ್ನು ಡಾಕ್ಟರೇಟಿನ ಪೂರ್ವಾರ್ಧವೆಂದೂ ನಂತರದ ಮೂರು ವರ್ಷಗಳನ್ನು ಉತ್ತರಾರ್ಧವೆಂದೂ ಲೆಕ್ಕ ಹಾಕುತ್ತಾರೆ. ಭಾರತದಲ್ಲಿ ಎಂ.ಎ. ಮುಗಿಸಿದವರು ನೇರವಾಗಿ ಉತ್ತರಾರ್ಧಕ್ಕೆ ಅರ್ಜಿ ಹಾಕಬಹುದು. ಪ್ರವೇಶ ಏಪ್ರಿಲ್‌ನಲ್ಲಿ ಅಥವಾ ಅಕ್ಟೋಬರ್‌ನಲ್ಲಿ. ಇಂಗ್ಲಿಷ್ ಪರೀಕ್ಷೆಯ ಅಂಕ, ಶಿಫಾರಸು ಪತ್ರಗಳು, ಎಂ.ಎ. ಪ್ರಬಂಧದ ಸಾರಾಂಶ ಎಲ್ಲ ಕಡೆಯಂತೆ ಇಲ್ಲೂ ಬೇಕು. ಆದರೆ ತಕ್ಕಡಿ ವಾಲುವುದು ಎರಡರಿಂದ: ಸಂಶೋಧನಾ ಯೋಜನೆ ಮತ್ತು ಮಾರ್ಗದರ್ಶಕರ ಒಪ್ಪಿಗೆ.

ಅರ್ಜಿಗೆ ಮುನ್ನ ಒಬ್ಬ ಪ್ರಾಧ್ಯಾಪಕರಿಗೆ ಬರೆದು ಅವರಿಂದ ಅನೌಪಚಾರಿಕ ಸಮ್ಮತಿ ಪಡೆಯುವುದು ಇಲ್ಲಿನ ರೂಢಿ, ಹಲವೆಡೆ ಅದು ನಿಯಮವೂ ಹೌದು. ಒಬ್ಬೊಬ್ಬ ಪ್ರಾಧ್ಯಾಪಕರ ಸುತ್ತ ಒಂದೊಂದು ಸೆಮಿನಾರ್ ಗುಂಪು ಇರುತ್ತದೆ. ಅವರ ಎಂ.ಎ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳೆಲ್ಲ ವಾರಕ್ಕೊಮ್ಮೆ ಸೇರಿ ಒಬ್ಬರ ಕರಡನ್ನು ಉಳಿದವರು ಹಿಂಜುತ್ತಾರೆ. ಆದ್ದರಿಂದ ಅಭ್ಯರ್ಥಿ ಸೇರುವುದು ವಿಶ್ವವಿದ್ಯಾಲಯಕ್ಕಿಂತ ಮಿಗಿಲಾಗಿ ಈ ಗುಂಪಿಗೆ. ಮುಂದಿನ ಮೂರ್ನಾಲ್ಕು ವರ್ಷಗಳ ಸುಖದುಃಖವೆಲ್ಲ ಅಲ್ಲೇ. 'ಮಾನ್ಯರೇ, ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಕುರಿತು ಸಂಶೋಧನೆ ಮಾಡುವ ಆಸೆ' ಎಂದು ಹತ್ತು ಜನರಿಗೆ ಒಂದೇ ಇಮೇಲ್ ಕಳಿಸಿದರೆ ಉತ್ತರ ಬಾರದು. ಆ ಪ್ರಾಧ್ಯಾಪಕರ ಯಾವ ಲೇಖನ ಓದಿ, ಅದರ ಯಾವ ಪ್ರಶ್ನೆಯನ್ನು ಎಲ್ಲಿಗೆ ಒಯ್ಯಬೇಕೆಂದಿದ್ದೇನೆ, ಅದಕ್ಕೆ ಯಾವ ಊರಿನ ಯಾವ ದತ್ತಾಂಶ ಸಿಗುತ್ತದೆ ಎಂದು ಹತ್ತು ಸಾಲಿನಲ್ಲಿ ಹೇಳಿದ ಪತ್ರಕ್ಕೆ ಬೆಲೆಯಿದೆ. ರಾಯಚೂರು ಜಿಲ್ಲೆಯ ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲಾ ಹಾಜರಾತಿ ಎಂಬುದು ವಿಷಯವಾದೀತು, 'ಭಾರತದ ಬಡತನ' ವಿಷಯವಾಗದು.

ಇನ್ನೊಂದನ್ನು ಅರ್ಜಿದಾರರು ಮರೆಯುತ್ತಾರೆ. ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು ಸಾಮಾನ್ಯವಾಗಿ 65ಕ್ಕೆ ನಿವೃತ್ತರಾಗುತ್ತಾರೆ. ನಿವೃತ್ತಿಗೆ ಮೂರು ವರ್ಷವೂ ಉಳಿದಿಲ್ಲದವರು ಹೊಸ ಡಾಕ್ಟರೇಟ್ ವಿದ್ಯಾರ್ಥಿಯನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ತೆಗೆದುಕೊಂಡರೂ ನಡುನೀರಿನಲ್ಲಿ ಗೈಡ್ ಬದಲಾಗುವ ಕಷ್ಟ ವಿದ್ಯಾರ್ಥಿಯದು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಬೆನ್ನುಹತ್ತುವುದು ಜಾಣತನವಲ್ಲ.

ಹಣದ ಲೆಕ್ಕ

ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಸರ್ಕಾರ ನಿಗದಿಪಡಿಸಿರುವ ಪ್ರಮಾಣಕ ಶುಲ್ಕ ವರ್ಷಕ್ಕೆ 5,35,800 ಯೆನ್, ಜೊತೆಗೆ ಸೇರುವಾಗ ಒಮ್ಮೆ 2,82,000 ಯೆನ್. ಬ್ರಿಟನ್ನಿನಲ್ಲಿ ವಿದೇಶಿಯರಿಂದ ವಸೂಲು ಮಾಡುವುದಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಸ್ವದೇಶಿ, ವಿದೇಶಿ ಎಂಬ ಭೇದವೂ ಬಹುಕಾಲ ಇರಲಿಲ್ಲ. ಈಚೆಗೆ ನಿಯಮ ಸಡಿಲಗೊಂಡು, ಕೆಲವು ವಿಶ್ವವಿದ್ಯಾಲಯಗಳು ಶುಲ್ಕ ಏರಿಸಲು ಹೊರಟಿವೆ.

ಹೆಚ್ಚಿನವರು ನೆಚ್ಚುವುದು 1954ರಲ್ಲಿ ಶುರುವಾದ ಜಪಾನ್ ಸರ್ಕಾರದ ವಿದ್ಯಾರ್ಥಿವೇತನವನ್ನು. ಶಿಕ್ಷಣ ಸಚಿವಾಲಯದ ಹೆಸರಿನಿಂದ ಅದನ್ನು 'ಮೆಕ್ಸ್ಟ್' ಎಂದು ಕರೆಯುತ್ತಾರೆ. ಶುಲ್ಕವಿಲ್ಲ, ಹೋಗಿಬರುವ ವಿಮಾನದ ಟಿಕೆಟ್ ಸಿಗುತ್ತದೆ, ಡಾಕ್ಟರೇಟ್ ವಿದ್ಯಾರ್ಥಿಗೆ ತಿಂಗಳಿಗೆ 1,45,000 ಯೆನ್, ಎಂದರೆ ಸುಮಾರು 80 ಸಾವಿರ ರೂಪಾಯಿ. ಒಬ್ಬಂಟಿಗೆ ಇದು ಸಾಕು, ಹೆಂಡತಿಮಕ್ಕಳನ್ನು ಕರೆದೊಯ್ದರೆ ಬಿಗಿ. ವಯಸ್ಸು 35ರೊಳಗಿರಬೇಕು. ದಾರಿ ಎರಡು. ರಾಯಭಾರ ಕಚೇರಿಯ ಮೂಲಕ ಹೋಗುವವರು ಏಪ್ರಿಲ್-ಮೇ ಹೊತ್ತಿಗೆ ಅರ್ಜಿ ಹಾಕಿ, ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಮುಗಿಸಿ, ತೇರ್ಗಡೆಯ ಪತ್ರ ಹಿಡಿದು ವಿಶ್ವವಿದ್ಯಾಲಯಗಳ ಒಪ್ಪಿಗೆ ಪತ್ರ ಕೇಳಬೇಕು. ಇದಕ್ಕೆ ಸಿಗುವ ಕಾಲ ಕೆಲವೇ ವಾರ. ಪ್ರಾಧ್ಯಾಪಕರ ಪರಿಚಯ ಮೊದಲೇ ಆಗಿರದಿದ್ದರೆ ಇಲ್ಲಿ ಉಸಿರು ಕಟ್ಟುತ್ತದೆ. ಎರಡನೆಯದರಲ್ಲಿ ವಿಶ್ವವಿದ್ಯಾಲಯವೇ ಅಭ್ಯರ್ಥಿಯ ಹೆಸರನ್ನು ಸಚಿವಾಲಯಕ್ಕೆ ಶಿಫಾರಸು ಮಾಡುತ್ತದೆ.

ಏಷ್ಯಾ ಅಭಿವೃದ್ಧಿ ಬ್ಯಾಂಕ್ ಮತ್ತು ವಿಶ್ವಬ್ಯಾಂಕ್ ಜಪಾನಿನ ಹಣದಿಂದ ನಡೆಸುವ ವಿದ್ಯಾರ್ಥಿವೇತನಗಳ ಹೆಸರು ಆಗಾಗ ಕೇಳಿಬರುತ್ತದೆ, ಆದರೆ ಅವು ಹೆಚ್ಚಾಗಿ ಎಂ.ಎ. ಮಟ್ಟಕ್ಕೆ. ಡಾಕ್ಟರೇಟ್ ವಿದ್ಯಾರ್ಥಿಗಳಿಗೆಂದು 2021ರಲ್ಲಿ ಶುರುವಾದ 'ಸ್ಪ್ರಿಂಗ್' ಯೋಜನೆ ವಿದೇಶಿಯರಿಗೂ ನೆರವಾಗುತ್ತಿತ್ತು. ಅದರ ಜೀವನವೆಚ್ಚದ ಭಾಗವನ್ನು ಇನ್ನು ಮುಂದೆ ಜಪಾನೀ ಪ್ರಜೆಗಳಿಗಷ್ಟೇ ಕೊಡಬೇಕೆಂದು ಸಚಿವಾಲಯ 2025ರಲ್ಲಿ ನಿರ್ಧರಿಸಿತು. ಭಾರತ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಮುಖ್ಯವಾಗಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಇರುವ ಸಹಾಯ. 2022ರ ಮಾರ್ಗಸೂಚಿ ಅದರಲ್ಲೊಂದು ತಡೆ ತಂದಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕುರಿತ ಸಾಮಾಜಿಕ ಅಧ್ಯಯನಗಳಿಗೆ ಆ ಹಣ ಸಿಗದು. ಅಭಿವೃದ್ಧಿ ಅಧ್ಯಯನದ ಭಾರತೀಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬರೆಯುವುದು ಭಾರತದ ಬಗ್ಗೆಯೇ. ತನ್ನ ಕೇರಿಯ ಕಷ್ಟವನ್ನು ಬಲ್ಲವನಿಗೆ ಅದನ್ನೇ ಬಿಟ್ಟು ಬೇರೇನಾದರೂ ಬರೆ ಎನ್ನುವ ಈ ನಿಯಮವನ್ನು ಸಮರ್ಥಿಸುವುದು ಕಷ್ಟ.

ಅಧ್ಯಯನ ಮತ್ತು ಕ್ಷೇತ್ರಕಾರ್ಯ

ಅಮೆರಿಕದಲ್ಲಿರುವಂತೆ ಎರಡು ವರ್ಷ ತರಗತಿ, ಆಮೇಲೆ ದೊಡ್ಡ ಪರೀಕ್ಷೆ ಎಂಬ ಕ್ರಮ ಅರ್ಥಶಾಸ್ತ್ರಕ್ಕೆ ಒತ್ತು ಕೊಡುವ ಕೆಲವು ಕಡೆ ಬಿಟ್ಟರೆ ಇಲ್ಲಿಲ್ಲ. ಮೊದಲ ವರ್ಷ ಓದು, ಸೆಮಿನಾರು, ಯೋಜನೆಯ ತಿದ್ದುಪಡಿ. ಎರಡನೆಯದು ಕ್ಷೇತ್ರಕ್ಕೆ. ಮೂರನೆಯದು ಬರವಣಿಗೆಗೆ. ನಡುವೆ ಮಧ್ಯಂತರ ಮಂಡನೆಗಳು. ಅನೇಕ ವಿಭಾಗಗಳಲ್ಲಿ ಪ್ರಬಂಧ ಸಲ್ಲಿಸುವ ಮೊದಲು ತಜ್ಞರು ಪರಿಶೀಲಿಸುವ ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಬೇಕು. ಆ ಒಂದು ಲೇಖನಕ್ಕೆ ಕಾಯುತ್ತ ಮೂರು ವರ್ಷ ನಾಲ್ಕಾಗುವುದು, ಐದಾಗುವುದು ಸಾಮಾನ್ಯ. ಆದರೆ ವಿದ್ಯಾರ್ಥಿವೇತನ ಮೂರಕ್ಕೇ ನಿಲ್ಲುತ್ತದೆ. ಮಾನವಿಕ ಶಾಸ್ತ್ರಗಳಲ್ಲಿ ಹಿಂದೆ ಜಪಾನೀಯರು ಡಾಕ್ಟರೇಟನ್ನು ಜೀವಮಾನದ ಸಾಧನೆಗೆ ಸಲ್ಲುವ ಗೌರವವೆಂದು ಭಾವಿಸಿದ್ದರು. ಅವಧಿ ಮುಗಿದ ಮೇಲೆ ಪದವಿಯಿಲ್ಲದೆ ಹೊರಬಂದು ಪ್ರಾಧ್ಯಾಪಕರಾದವರು ಎಷ್ಟೋ ಮಂದಿ. ವಿದೇಶಿ ವಿದ್ಯಾರ್ಥಿಗೆ ಆ ಐಷಾರಾಮ ಇಲ್ಲ, ಪದವಿಯಿಲ್ಲದೆ ಊರಿಗೆ ಮರಳಿದರೆ ಕೇಳುವವರಿಲ್ಲ. 1990ರ ದಶಕದಲ್ಲಿ ಈ ಹೊಸ ಶಾಲೆಗಳು ವಿದೇಶಿಯರಿಗೆ ಸಕಾಲದಲ್ಲಿ ಪದವಿ ಕೊಡತೊಡಗಿದವು. ಹಳೆಯ ರೂಢಿ ಸಡಿಲಗೊಂಡದ್ದರಲ್ಲಿ ಅವುಗಳ ಪಾಲೂ ಇದೆ.

ಕ್ಷೇತ್ರಕಾರ್ಯವೇ ಈ ಶಾಸ್ತ್ರದ ಜೀವ. ಅಲ್ಲೇ ತೊಡಕೂ ಹೆಚ್ಚು. ಮೆಕ್ಸ್ಟ್ ವಿದ್ಯಾರ್ಥಿ ತಿಂಗಳಿಗೊಮ್ಮೆ ವಿಭಾಗದ ಕಚೇರಿಗೆ ಹೋಗಿ ಸಹಿ ಮಾಡಬೇಕು. ದೇಶದೊಳಗೇ ಇದ್ದು ಓದುತ್ತಿದ್ದೇನೆ ಎಂಬುದಕ್ಕೆ ಅದೇ ಪುರಾವೆ. ಸಹಿ ಬೀಳದ ತಿಂಗಳ ಹಣ ಸಾಮಾನ್ಯವಾಗಿ ಬಾರದು. ಸಮೀಕ್ಷೆಗೆಂದು ನಾಲ್ಕು ತಿಂಗಳು ಕೊಪ್ಪಳದಲ್ಲೋ ಮಲಾವಿಯಲ್ಲೋ ಇರಬೇಕಾದವರು ಮೊದಲೇ ಅನುಮತಿ ಪಡೆದು, ಸಹಿಯ ದಿನಗಳಿಗೆ ತಕ್ಕಂತೆ ಟಿಕೆಟ್ ಹೊಂದಿಸಿ, ತಿಂಗಳ ಕೊನೆಗೆ ಹೊರಟು ಮುಂದಿನ ತಿಂಗಳ ಆರಂಭಕ್ಕೆ ಮರಳುವ ಕಸರತ್ತು ಮಾಡುತ್ತಾರೆ. ಹಳ್ಳಿಯ ಬಿತ್ತನೆ, ಕೊಯ್ಲು, ಜಾತ್ರೆಗಳಿಗೆ ಈ ಕ್ಯಾಲೆಂಡರಿನ ಹಂಗಿಲ್ಲ. ಹೀಗಾಗಿ ಕೆಲವು ಪ್ರಬಂಧಗಳ ಸಮೀಕ್ಷೆ ಆಗಸ್ಟ್-ಸೆಪ್ಟೆಂಬರ್ ರಜೆಯಲ್ಲೇ ನಡೆದಿರುತ್ತದೆ. ನಮ್ಮ ಕಡೆ ಅದು ಮಳೆಗಾಲ. ಗುಳೆ ಹೋದವರು ಊರಿನಲ್ಲಿರುವ ಕಾಲ. ಸುಗ್ಗಿ ಮುಗಿದ ಮೇಲೆ ಬಾಗಿಲು ಹಾಕಿದ ಮನೆಗಳ ಸಾಲನ್ನು ಅಂಥ ಸಮೀಕ್ಷೆ ಕಾಣುವುದೇ ಇಲ್ಲ.

ಕರ್ನಾಟಕದ ವಿದ್ಯಾರ್ಥಿಗೆ ವಿಷಯದ ಬರವಿಲ್ಲ. ನಮ್ಮ ಮೆಟ್ರೊ, ಬೆಂಗಳೂರಿಗೆ ಕಾವೇರಿ ನೀರು ತರುವ ನಾಲ್ಕು ಮತ್ತು ಐದನೇ ಹಂತದ ಯೋಜನೆಗಳು, ರಾಜ್ಯದ ಅರಣ್ಯೀಕರಣ ಇವೆಲ್ಲಕ್ಕೂ ಜಪಾನಿನ ಸಾಲ ಬಂದಿದೆ, ಈಗ ಕೊಡುವುದು ಜಪಾನಿನ ಸರ್ಕಾರಿ ನೆರವು ಸಂಸ್ಥೆಯಾದ ಜೈಕಾ. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ನಗರದ ಅಂಚಿನ 110 ಹಳ್ಳಿಗಳಿಗೆ ನೀರಿನ ದಾರಿ ತೆರೆಯಿತು. ಸಾಲ ಕೊಟ್ಟವರ ದಾಖಲೆ ಟೋಕಿಯೊದಲ್ಲಿ, ನೀರು ಕುಡಿಯುವವರು ಇಲ್ಲಿ. ಎರಡೂ ಕಡೆ ಹೋಗಬಲ್ಲ ಸಂಶೋಧಕರು ವಿರಳ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿದ ವರದಿ ಪ್ರಾದೇಶಿಕ ಅಸಮಾನತೆಯ ಅಭ್ಯಾಸಕ್ಕೆ ಇಂದಿಗೂ ಒಳ್ಳೆಯ ತಳಪಾಯ. ಹಳ್ಳಿಗರೇ ನೆಲದ ಮೇಲೆ ರಂಗೋಲಿ ಪುಡಿಯಿಂದ ತಮ್ಮೂರಿನ ನಕ್ಷೆ ಬರೆದು ಲೆಕ್ಕ ಹೇಳುವ ಸಹಭಾಗಿ ಸಮೀಕ್ಷಾ ವಿಧಾನವನ್ನು 1980ರ ದಶಕದ ಕೊನೆಗೆ ಭಾರತದಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಪ್ರಮುಖ. ಅದು ಇಂದು ಜಗತ್ತಿನಾದ್ಯಂತ ಅಭಿವೃದ್ಧಿ ತರಗತಿಗಳ ಪಾಠವಾಗಿದೆ.

ಆದರೂ ಜಪಾನಿಗೆ ಹೋಗಿ ತನ್ನ ತಾಲ್ಲೂಕನ್ನಷ್ಟೇ ಬರೆದು ಬರುವುದು ಅರ್ಧ ಲಾಭ. ಬಡ ದೇಶವೊಂದು ಶ್ರೀಮಂತವಾದ ಬಗೆಯನ್ನು, ಅದಕ್ಕೆ ತೆತ್ತ ಬೆಲೆಯನ್ನು ಕಾಲ್ನಡಿಗೆಯಲ್ಲೇ ನೋಡಬಹುದಾದ ನಾಡು ಅದು. ನಗೋಯದಿಂದ ಸ್ಥಳೀಯ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ ಯೊಕ್ಕಾಯಿಚಿ. ಪೆಟ್ರೊಕೆಮಿಕಲ್ ಕಾರ್ಖಾನೆಗಳ ಹೊಗೆಯಿಂದ ಅಲ್ಲಿ ಉಬ್ಬಸ ಹಬ್ಬಿ, 1972ರಲ್ಲಿ ನ್ಯಾಯಾಲಯ ಕಂಪನಿಗಳನ್ನೇ ಹೊಣೆ ಮಾಡಿತು. ಓಯಿತ ಪ್ರಾಂತದಲ್ಲಿ 1979ರಲ್ಲಿ ಗವರ್ನರ್ ಮೊರಿಹಿಕೊ ಹಿರಮಾತ್ಸು ಶುರುಮಾಡಿದ 'ಒಂದು ಊರು, ಒಂದು ಉತ್ಪನ್ನ' ಚಳವಳಿ ಥಾಯ್ಲೆಂಡಿಗೆ ಹೋಯಿತು. ಅದೇ ಬಗೆಯ 'ಒಂದು ಜಿಲ್ಲೆ, ಒಂದು ಉತ್ಪನ್ನ' ನಮ್ಮಲ್ಲೂ ಇದೆ.

ಭಾಷೆ ಮತ್ತು ನಿತ್ಯಜೀವನ

ಇಂಗ್ಲಿಷ್ ಮಾಧ್ಯಮ ಎಂಬ ಭರವಸೆ ತರಗತಿ ಮತ್ತು ಪ್ರಬಂಧಕ್ಕೆ ಮಾತ್ರ. ವಿಮಾನ ನಿಲ್ದಾಣದಲ್ಲಿ ನಿವಾಸಿ ಕಾರ್ಡ್ ಕೈಗೆ ಬಂದು, ಮನೆ ಹಿಡಿದ 14 ದಿನಗಳೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗಲೇ ಜಪಾನೀ ಭಾಷೆಯ ಫಾರಂ ಎದುರಾಗುತ್ತದೆ. ಆಮೇಲೆ ರಾಷ್ಟ್ರೀಯ ಆರೋಗ್ಯ ವಿಮೆ (ಚಿಕಿತ್ಸೆಯ ಖರ್ಚಿನಲ್ಲಿ ಶೇ. 70 ಅದು ಭರಿಸುತ್ತದೆ), ಬ್ಯಾಂಕ್ ಖಾತೆ, ಫೋನು. ಬಾಡಿಗೆ ಮನೆಗೆ ಜಾಮೀನುದಾರ ಬೇಕು, ಮುಂಗಡ ಬೇಕು, ಎಷ್ಟೋ ಕಡೆ ಮನೆ ಮಾಲೀಕರಿಗೆ ಹಿಂದಿರುಗದ ಕಾಣಿಕೆಯ ಹಣವೂ ಬೇಕು. ವಿದೇಶಿಯರಿಗೆ ಮನೆ ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ಮೊದಲ ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕರೆ ಪುಣ್ಯ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ತರಕಾರಿಯದೇ ಎಂದು ಕಾಣುವ ಸಾರಿನಲ್ಲೂ ಒಣಮೀನಿನ ರಸ ಇರುವುದೇ ಹೆಚ್ಚು. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು.

ಭಾಷೆಯ ಕೊರತೆ ಸಂಶೋಧನೆಯನ್ನೂ ಕುಗ್ಗಿಸುತ್ತದೆ. ವಿಭಾಗದ ಸಭೆ, ಪ್ರಾಧ್ಯಾಪಕರು ಜಪಾನೀ ಪತ್ರಿಕೆಗಳಿಗೆ ಬರೆಯುವ ಲೇಖನ, ಸಹಪಾಠಿಗಳ ಹರಟೆ, ನೆರವಿನ ಯೋಜನೆಗಳ ಒಳಗಿನ ಚರ್ಚೆ ಇವೆಲ್ಲ ಜಪಾನಿಯಲ್ಲೇ. ಇಂಗ್ಲಿಷಿನಲ್ಲಿ ಸಿಗುವುದು ಸೋಸಿದ ಸಾರಾಂಶ. ವಿಶ್ವವಿದ್ಯಾಲಯಗಳೇ ನಡೆಸುವ ಭಾಷಾ ತರಗತಿಗಳನ್ನು ಪ್ರಬಂಧದ ಗಡಿಬಿಡಿಯಲ್ಲಿ ಬಿಟ್ಟವರು ಮೂರು ವರ್ಷ ಕಳೆದ ಮೇಲೂ ಅತಿಥಿಗಳಾಗಿಯೇ ಉಳಿಯುತ್ತಾರೆ.

ಪದವಿಯ ನಂತರ

ಜಪಾನೀ ಸಹಪಾಠಿಗೂ ವಿದೇಶಿ ವಿದ್ಯಾರ್ಥಿಗೂ ದಾರಿ ಬೇರೆಯಾಗುವುದು ಇಲ್ಲೇ. ವಿಶ್ವಸಂಸ್ಥೆಯ ಕಿರಿಯ ಅಧಿಕಾರಿ ಹುದ್ದೆಗಳಿಗೆ ಜಪಾನಿನ ವಿದೇಶಾಂಗ ಸಚಿವಾಲಯ ಹಣ ಕೊಟ್ಟು ಕಳಿಸುವುದು ತನ್ನ ಪ್ರಜೆಗಳನ್ನು. ಜೈಕಾದ ಒಳಗಿನ ಕೆಲಸಕ್ಕೆ ಜಪಾನೀ ಭಾಷೆ ಬೇಕು. ವಿದೇಶಿಯರಿಗೆ ಕೆಲಸ ಹುಡುಕಲು ಆರು ತಿಂಗಳ, ಮತ್ತೆ ಆರು ತಿಂಗಳಿಗೆ ವಿಸ್ತರಿಸಬಹುದಾದ ವೀಸಾ ಸಿಗುತ್ತದೆ. ಉನ್ನತ ಪರಿಣತರ ವೀಸಾಕ್ಕೆ 2012ರಿಂದ ಅಂಕ ಎಣಿಸುವ ಪದ್ಧತಿ ಇದ್ದು, ಡಾಕ್ಟರೇಟಿಗೆ 30 ಅಂಕ. ಆದರೆ ಹೆಚ್ಚಿನವರು ಊರಿಗೆ ಮರಳುತ್ತಾರೆ, ಅದರಲ್ಲೂ ಸರ್ಕಾರಿ ನೌಕರಿಯಿಂದ ರಜೆ ಹಾಕಿ ಬಂದವರು. ಭಾರತದಲ್ಲಿ ಅಧ್ಯಾಪಕರಾಗಬಯಸುವವರಿಗೆ ಯುಜಿಸಿಯ 2018ರ ನಿಯಮಾವಳಿ ಅನುಕೂಲಕರ. ಹೆಸರಾಂತ ಜಾಗತಿಕ ಪಟ್ಟಿಗಳಲ್ಲಿ ಮೊದಲ 500ರೊಳಗಿನ ವಿದೇಶಿ ವಿಶ್ವವಿದ್ಯಾಲಯದ ಪಿಎಚ್.ಡಿ. ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎನ್‌ಇಟಿ ಅರ್ಹತಾ ಪರೀಕ್ಷೆ ಬೇಕಿಲ್ಲ. ವಿಶ್ವವಿದ್ಯಾಲಯ ಆರಿಸುವಾಗಲೇ ಇದನ್ನು ನೋಡಿಕೊಂಡರೆ ಮುಂದೆ ಅಲೆದಾಟ ತಪ್ಪುತ್ತದೆ.

2013ರ ಏಪ್ರಿಲ್‌ನಿಂದ ಜಪಾನಿನಲ್ಲಿ ಡಾಕ್ಟರೇಟ್ ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದು ಕಡ್ಡಾಯ. ಆಯಾ ವಿಶ್ವವಿದ್ಯಾಲಯದ ಭಂಡಾರದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಅರ್ಜಿ ಹಾಕಬೇಕೆಂದಿರುವವರು ಪ್ರಾಧ್ಯಾಪಕರಿಗೆ ಮೊದಲ ಪತ್ರ ಬರೆಯುವ ಮುನ್ನ ಅವರ ವಿದ್ಯಾರ್ಥಿಗಳ ಎರಡು ಪ್ರಬಂಧಗಳನ್ನು ಪೂರ್ತಿ ಓದಲಿ. ಆ ಗುಂಪಿನಲ್ಲಿ ಯಾವ ಪ್ರಶ್ನೆಗೆ ಬೆಲೆಯಿದೆ, ಕ್ಷೇತ್ರಕಾರ್ಯಕ್ಕೆ ಎಷ್ಟು ಕಾಲ ಕೊಟ್ಟಿದ್ದಾರೆ ಎಂಬುದು ಯಾವ ಮಾಹಿತಿ ಪುಸ್ತಿಕೆಗಿಂತಲೂ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.